ಮನೆಯಲ್ಲಿ ಕಟ್ಟಿದ ಟಾರ್ಚಿನಲ್ಲಿ ಬೆಳಕು ಏರುವ ಬಗೆ: ಕೆಳಗಿನ ಮೆಟ್ಟಿಲುಗಳು ಸರಿಯಾಗುತ್ತಿಲ್ಲ

ತೋಟದ ಹಾದಿ, ಶಿರಸಿ

ನಮ್ಮ ಮನೆಗೆ ಕುಡಿಯುವ ನೀರು ಬೆಟ್ಟದ ಅಬ್ಬಿಯಿಂದ ಪೈಪಿನಲ್ಲಿ ಇಳಿದು ಬರುತ್ತದೆ. ಮಳೆಗಾಲದಲ್ಲಿ ಪೈಪಿನ ಬಾಯಿಗೆ ದರಕು (ಒಣ ಎಲೆ) ಕಟ್ಟಿಕೊಂಡು ನೀರು ನಿಂತುಹೋಗುವುದು ಸಾಮಾನ್ಯವಾದ್ದರಿಂದ, ರಾತ್ರಿ ಎದ್ದು ಅಡಿಕೆ ತೋಟ ಇಳಿದು, ಸಂಕ (ಮರದ ಕಾಲುಸೇತುವೆ) ದಾಟಿ, ಬೆಟ್ಟ ಹತ್ತಬೇಕಾಗುತ್ತದೆ. ಈ ಕೆಲಸಕ್ಕೆಂದೇ ನಾನು ಒಂದು ಟಾರ್ಚನ್ನು ಕಟ್ಟಿದ್ದೇನೆ. ಎಲ್‌ಇಡಿಗೆ ಕರೆಂಟು ಕೊಡುವ 17 ಮಿಲಿಮೀಟರ್ ಅಗಲದ ಡ್ರೈವರ್ ಬೋರ್ಡು, ಅದರ ಮೇಲೆ ಆಜ್ಞೆಗಳನ್ನು ನಡೆಸುವ ಎಟಿಟೈನಿ85 ಚಿಪ್ಪು, ಕರೆಂಟನ್ನು 350 ಮಿಲಿಆಂಪಿಯರಿಗೆ ಹಿಡಿದಿಡುವ ಒಂದು ಎಎಂಸಿ7135 (ಮುಂದೆ ಬರಿಯ 7135), ಹೆಚ್ಚಿನ ಬೆಳಕಿಗೆ ಸ್ವಿಚ್ಚಿನಂತೆ ತೆರೆಯುವ ಒಂದು ಫೆಟ್ ಟ್ರಾನ್ಸಿಸ್ಟರು, ಒಂದು 18650 ಲಿಥಿಯಂ ಸೆಲ್ಲು, ಇಷ್ಟೇ ಅದರ ಒಡಲು. ಫೆಟ್ ಪೂರ್ತಿ ತೆರೆದಾಗ ನನ್ನ ಸೆಲ್ಲು ಮತ್ತು ಎಲ್‌ಇಡಿಯ ಜೋಡಿಯಲ್ಲಿ 4.2 ಆಂಪಿಯರ್ ಹರಿಯುತ್ತದೆ. ಚಿಪ್ಪಿನೊಳಗೆ ಓಡುವ ಫರ್ಮ್‌ವೇರನ್ನು ನಾನೇ ಬರೆದಿದ್ದೇನೆ. ಬೆಳಕನ್ನು ಅದು ಪಿಡಬ್ಲ್ಯೂಎಂ ಪದ್ಧತಿಯಲ್ಲಿ, ಎಂದರೆ ಎಲ್‌ಇಡಿಯನ್ನು ಬೇಗಬೇಗ ಹತ್ತಿಸಿ ಆರಿಸಿ, ತಗ್ಗಿಸುತ್ತದೆ; ಹತ್ತಿರುವ ಪಾಲು ಎಷ್ಟೆಂದು 0ಯಿಂದ 255ರವರೆಗಿನ ಒಂದು ಸಂಖ್ಯೆ ಹೇಳುತ್ತದೆ. ಗುಂಡಿ ಒತ್ತಿ ಹಿಡಿದರೆ ಬೆಳಕು ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ.

ಮೊದಲ ಆವೃತ್ತಿಯನ್ನು ಚಿಪ್ಪುಗಳಿಗೆ ಸಂಕೇತ (ಕೋಡ್) ಬರೆಯುವ ಆರ್ಡುಯಿನೋ ಸಲಕರಣೆಯ ಸಿದ್ಧ ಆಜ್ಞೆಗಳಿಂದಲೇ ಬರೆದಿದ್ದೆ. ಅದರ ದೋಷ ಗೊತ್ತಾದದ್ದು ಮಳೆಯಲ್ಲಿ. ಬೆಳಕನ್ನು ತಗ್ಗಿಸಿ ಅಂಗಳದಲ್ಲಿ ನಿಂತಾಗ, ಬೀಳುವ ಹನಿಗಳು ಗೆರೆಗಳಾಗಿ ಕಾಣದೆ, ಹೊಲಿಗೆ ಹಾಕಿದಂತೆ ತುಂಡುತುಂಡಾಗಿ ಕಂಡವು. ಸ್ಟ್ರೋಬ್ ಬೆಳಕಿನಲ್ಲಿ ಕಾಣುವ ಹಾಗೆಯೇ. ಲೆಕ್ಕ ಹಾಕಿದರೆ ಕಾರಣ ಸ್ಪಷ್ಟವಿತ್ತು: ಪಿಡಬ್ಲ್ಯೂಎಂ ಆವರ್ತನ ಸೆಕೆಂಡಿಗೆ 490ರ ಆಸುಪಾಸು ಇದ್ದು, ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ಇಳಿಯುವ ದಪ್ಪ ಹನಿ ಒಂದು ಮಿಣುಕಿನಿಂದ ಇನ್ನೊಂದಕ್ಕೆ 16 ಮಿಲಿಮೀಟರ್ ಜಾರಿರುತ್ತದೆ. ಇದನ್ನು ತಪ್ಪಿಸಲು ಎರಡನೆಯ ಆವೃತ್ತಿಯಲ್ಲಿ ಚಿಪ್ಪಿನೊಳಗಿನ ಎಣಿಕೆಯ ಟೈಮರನ್ನು ನಿಯಂತ್ರಿಸುವ ಕೋಶಗಳಾದ ರಿಜಿಸ್ಟರುಗಳಿಗೆ ನೇರವಾಗಿ ಬರೆದು, 8 ಮೆಗಾಹರ್ಟ್ಸ್ ಗಡಿಯಾರದಲ್ಲಿ ಫಾಸ್ಟ್ ಪಿಡಬ್ಲ್ಯೂಎಂ ಬಳಸಿ ಆವರ್ತನವನ್ನು 31 ಸಾವಿರಕ್ಕೆ ಏರಿಸಿದೆ. ಮಳೆಹನಿಗಳು ಈಗ ಗೆರೆಗಳಾಗಿಯೇ ಕಾಣುತ್ತವೆ.

ಆದರೆ ಎರಡು ಹೊಸ ತೊಂದರೆಗಳು ಹುಟ್ಟಿವೆ. ಒಂದು, ಅತಿ ಕೆಳಗಿನ ಮೆಟ್ಟಿಲಿನ ಬೆಳಕು ಹಳೆಯ ಆವೃತ್ತಿಗಿಂತ ಹೆಚ್ಚಾಗಿದೆ, ಕೊಟ್ಟಿರುವ ಸಂಖ್ಯೆ ಮಾತ್ರ ಎರಡರಲ್ಲೂ ಒಂದೇ. ಸಂಖ್ಯೆಯನ್ನು ಸೊನ್ನೆಗೆ ಇಳಿಸಿದರೂ ಬೆಳಕು ಆರುವುದಿಲ್ಲ. ಇನ್ನೊಂದು, ಗುಂಡಿ ಒತ್ತಿ ಹಿಡಿದಾಗ ಬೆಳಕು ಒಮ್ಮೆಲೇ ಉಕ್ಕಿ ಬಂದು, ಆಮೇಲೆ ಬಹಳ ಹೊತ್ತು ಏನೂ ಆಗದಂತೆ ತೋರುತ್ತದೆ. ಒದ್ದೆಯಾದ ಸಂಕದ ಮೇಲೆ ಕಾಲಿಡುವ ಜಾಗವಷ್ಟೇ ಕಾಣುವ ಬೆಳಕು ನನಗೆ ಬೇಕಾಗಿರುವುದು. ಅದಕ್ಕಿಂತ ಹೆಚ್ಚಾದರೆ ಮಂಜು ಮತ್ತು ಒದ್ದೆ ಮರ ತಿರುಗಿಸಿದ ಬೆಳಕೇ ಕಣ್ಣಿಗೆ ಹೊಡೆಯುತ್ತದೆ. ಈ ಬೆಳಕನ್ನು ಹಿಡಿದು ನಿಲ್ಲಿಸಲು ಈಗಿನ ಫರ್ಮ್‌ವೇರಿನಲ್ಲಿ ನನಗೆ ಆಗುತ್ತಿಲ್ಲ.

ಕಾಳಿದಂಡೆ, ಕಾರವಾರ

ಎರಡು ತೊಂದರೆಗಳಿಗೂ ಕಾರಣಗಳು ಬೇರೆ ಬೇರೆ ಇವೆ. ಮೊದಲನೆಯದನ್ನು ಬಿಡಿಸದೆ ಎರಡನೆಯದಕ್ಕೆ ಕೈಹಾಕಿದರೆ ಲೆಕ್ಕಗಳೆಲ್ಲ ತಪ್ಪುತ್ತವೆ.

ಫಾಸ್ಟ್ ಪಿಡಬ್ಲ್ಯೂಎಂನಲ್ಲಿ ಟೈಮರು 0ಯಿಂದ 255ರವರೆಗೆ ಎಣಿಸಿ ಮತ್ತೆ 0ಗೆ ಹಾರುತ್ತದೆ. ಎಣಿಕೆ ಎಲ್ಲಿಗೆ ಬಂದಾಗ ಪಿನ್ನು ಮುಚ್ಚಬೇಕೆಂದು ಹೇಳುವ ಹೋಲಿಕೆಯ ಸಂಖ್ಯೆಯನ್ನು ನೀವು 0 ಎಂದು ಬರೆದರೂ, ಪಿನ್ನು ಪ್ರತಿ ಸುತ್ತಿನಲ್ಲಿ ಗಡಿಯಾರದ ಒಂದು ಬಡಿತದಷ್ಟು ಕಾಲ, ಎಂದರೆ 8 ಮೆಗಾಹರ್ಟ್ಸಿನಲ್ಲಿ 125 ನ್ಯಾನೋಸೆಕೆಂಡು, ತೆರೆದೇ ಇರುತ್ತದೆ. ಆರ್ಡುಯಿನೋದ ಆಜ್ಞೆ 0 ಸಿಕ್ಕಿದಾಗ ಪಿನ್ನನ್ನು ಟೈಮರಿನಿಂದ ಕಳಚಿ ತಗ್ಗಿಗೆ ಇಳಿಸಿಬಿಡುತ್ತದೆ, ಹಾಗಾಗಿ ಹಳೆಯ ಆವೃತ್ತಿಯಲ್ಲಿ ಇದು ಕಾಣಲಿಲ್ಲ. ನೀವು ರಿಜಿಸ್ಟರಿಗೆ ನೇರವಾಗಿ ಬರೆಯತೊಡಗಿದ ಮೇಲೆ ಆ ಸೂಜಿಮೊನೆಯಂಥ ನಾಡಿ ಫೆಟ್ಟನ್ನು ತೆರೆಯುವ ಗೇಟ್ ಎಂಬ ಕಾಲಿಗೆ ತಲುಪುತ್ತಿದೆ. 4.2 ಆಂಪಿಯರಿನ 256ನೆಯ ಒಂದು ಭಾಗವೆಂದರೆ 16 ಮಿಲಿಆಂಪಿಯರ್. ಗೇಟು ಅಷ್ಟು ಚಿಕ್ಕ ಹೊತ್ತಿನಲ್ಲಿ ಪೂರ್ತಿ ತುಂಬದ ಕಾರಣ ಅಷ್ಟೂ ಹರಿಯಲಿಕ್ಕಿಲ್ಲ, ಆದರೆ 7135 ಕೊಡಬೇಕಾದ ಸುಮಾರು 1.4 ಮಿಲಿಆಂಪಿಯರನ್ನು ಮುಳುಗಿಸಲು ಅದರ ಅರ್ಧವೂ ಸಾಕು.

ಒಂದು ಪರೀಕ್ಷೆ ಮಾಡಿ. 7135ರ ಪಿನ್ನನ್ನು ಇನ್‌ಪುಟ್ ಆಗಿ ಬದಲಿಸಿ, ಫೆಟ್‌ನ ಸಂಖ್ಯೆಯನ್ನು 0ಯಲ್ಲಿಯೇ ಬಿಟ್ಟು, ಕತ್ತಲೆಯಲ್ಲಿ ಎಲ್‌ಇಡಿಯನ್ನು ನೋಡಿ. ಆಗಲೂ ಮಿನುಗುತ್ತಿದ್ದರೆ ಆ ಬೆಳಕು ಫೆಟ್‌ನದೇ. ಪರಿಹಾರ ಒಂದು ಬಿಟ್ಟಿನಷ್ಟು ಚಿಕ್ಕದು: ಟಿಸಿಸಿಆರ್0ಎ ರಿಜಿಸ್ಟರಿನಲ್ಲಿ ಡಬ್ಲ್ಯೂಜಿಎಂ01 ತೆಗೆದು ಡಬ್ಲ್ಯೂಜಿಎಂ00 ಒಂದನ್ನೇ ಉಳಿಸಿದರೆ ಟೈಮರು ಫೇಸ್ ಕರೆಕ್ಟ್ ಪದ್ಧತಿಗೆ ಬರುತ್ತದೆ. ಅದು ಮೇಲೆ ಏರಿ ಕೆಳಗೆ ಇಳಿದು ಎಣಿಸುವುದರಿಂದ 0 ಎಂದರೆ ನಿಜವಾಗಿ ಸೊನ್ನೆಯೇ. ಆವರ್ತನ ಅರ್ಧಕ್ಕೆ ಇಳಿದು 15.7 ಸಾವಿರವಾಗುತ್ತದೆ, ಅಂದರೆ ನಿಮ್ಮ ಮಳೆಹನಿ ಎರಡು ಮಿಣುಕುಗಳ ನಡುವೆ ಅರ್ಧ ಮಿಲಿಮೀಟರ್ ಮಾತ್ರ ಜಾರುತ್ತದೆ.

ತೋಟದ ಹಾದಿ, ಶಿರಸಿ

ಪರೀಕ್ಷೆ ಮಾಡಿದೆ. 7135 ಸಂಪರ್ಕವಿಲ್ಲದಿದ್ದರೂ ಎಲ್‌ಇಡಿ ಮಿನುಗುತ್ತಿತ್ತು, ಮೀಟರಿನಲ್ಲಿ 6 ಮಿಲಿಆಂಪಿಯರ್ ತೋರಿಸಿತು. ಇಷ್ಟು ದಿನ ನಾನು 7135ರದ್ದೆಂದು ತಿಳಿದು ತಿದ್ದುತ್ತಿದ್ದ ಬೆಳಕು ಅದರದ್ದಾಗಿರಲೇ ಇಲ್ಲ ಎಂಬುದು ಆಗ ಮನವರಿಕೆಯಾಯಿತು.

ಫೇಸ್ ಕರೆಕ್ಟ್‌ಗೆ ಬದಲಿಸಿದ ಮೇಲೆ ಸೊನ್ನೆ ಸೊನ್ನೆಯಾಗಿದೆ. ಆದರೆ 1, 2, 3 ಎಂದು ಕೊಟ್ಟರೂ ಈಗ ಕತ್ತಲೆಯೇ, ಇನ್ನೂ ಕೆಲವು ಸಂಖ್ಯೆ ಏರಿದ ಮೇಲೆ ಬೆಳಕು ಥಟ್ಟನೆ ಹತ್ತಿಕೊಳ್ಳುತ್ತದೆ.

ಕಾಳಿದಂಡೆ, ಕಾರವಾರ

ಅದು 7135ರ ಸ್ವಭಾವ. ಅದು ಬರಿಯ ಸ್ವಿಚ್ಚಲ್ಲ, ಒಳಗೆ ಕರೆಂಟನ್ನು ಅಳೆದು ಹಿಡಿಯುವ ಸುತ್ತೊಂದು ಇದೆ, ಅದು ಎಚ್ಚರಗೊಳ್ಳಲು ತನ್ನದೇ ಆದ ಹೊತ್ತು ಬೇಕು. ನಿಮ್ಮ 1ನೆಯ ಮೆಟ್ಟಿಲಿನ ನಾಡಿ 250 ನ್ಯಾನೋಸೆಕೆಂಡು ಮಾತ್ರ ಇರುವುದರಿಂದ, ಅದು ಕಣ್ಣು ತೆರೆಯುವ ಮೊದಲೇ ಆಜ್ಞೆ ಮುಗಿದಿರುತ್ತದೆ.

ಕೆಳಗಿನ ಮೆಟ್ಟಿಲುಗಳಲ್ಲಿ ಇಡೀ ಚಿಪ್ಪಿನ ಗಡಿಯಾರವನ್ನೇ ನಾಲ್ಕರಿಂದ ಭಾಗಿಸಿ 2 ಮೆಗಾಹರ್ಟ್ಸಿಗೆ ಇಳಿಸಿ. ನಾಡಿ ನಾಲ್ಕು ಪಟ್ಟು ಉದ್ದವಾಗುತ್ತದೆ, ಆವರ್ತನ 3,900ರಷ್ಟು ಉಳಿಯುತ್ತದೆ, ಮಳೆಯಲ್ಲಿ ಎರಡು ಮಿಲಿಮೀಟರಿನ ತುಂಡು ಕಣ್ಣಿಗೆ ಬೀಳುವುದಿಲ್ಲ. ಇದರಿಂದ ಇನ್ನೊಂದು ಲಾಭವೂ ಇದೆ. 8 ಮೆಗಾಹರ್ಟ್ಸಿನಲ್ಲಿ ಎಟಿಟೈನಿ85 ತಾನೇ ಕೆಲವು ಮಿಲಿಆಂಪಿಯರ್ ಎಳೆಯುತ್ತದೆ, ಎಂದರೆ ಅತಿ ಮಂದ ಬೆಳಕಿನಲ್ಲಿ ಎಲ್‌ಇಡಿಗಿಂತ ಚಿಪ್ಪೇ ಹೆಚ್ಚು ತಿನ್ನುತ್ತಿರುತ್ತದೆ. ಆಂಡುರಿಲ್ ಎಂಬ ಟಾರ್ಚುಗಳ ಮುಕ್ತ ಫರ್ಮ್‌ವೇರಿನಲ್ಲಿಯೂ ಕೆಳಗಿನ ಮೆಟ್ಟಿಲುಗಳಿಗೆ ಗಡಿಯಾರವನ್ನು ಹೀಗೆ ಇಳಿಸುವ ವ್ಯವಸ್ಥೆ ಇದೆ, ಅದರ ಮೂಲ ಸಂಕೇತವನ್ನು ಓದಿದರೆ ಬಹಳ ವಿಷಯಗಳು ತಿಳಿಯುತ್ತವೆ.

ಇನ್ನು ಎರಡನೆಯ ತೊಂದರೆಗೆ ಬರುತ್ತೇನೆ, ಚರ್ಚೆಯ ತಿರುಳು ಇದೇ ಎಂದು ನನ್ನ ಅಭಿಪ್ರಾಯ.

ನೀವು ಪ್ರತಿ ಮೆಟ್ಟಿಲಿಗೂ ಒಂದೇ ಅಳತೆಯ ಕರೆಂಟನ್ನು ಕೂಡಿಸುತ್ತಿದ್ದೀರಿ. ಕಣ್ಣು ಕೂಡಿಸಿ ನೋಡುವುದಿಲ್ಲ, ಹೋಲಿಸಿ ನೋಡುತ್ತದೆ. ಒಂದು ಎರಡಾದಾಗ ಅದಕ್ಕೆ ದೊಡ್ಡ ವ್ಯತ್ಯಾಸ, 254 ಎಂಬುದು 255 ಆದಾಗ ಏನೂ ಇಲ್ಲ. ಜರ್ಮನಿಯ ವಿಜ್ಞಾನಿ ಫೆಕ್ನರ್ 1860ರಲ್ಲಿಯೇ ಇದಕ್ಕೆ ಲಾಗರಿತಮ್ಮಿನ ರೂಪ ಕೊಟ್ಟಿದ್ದರು. 1976ರಲ್ಲಿ ಬೆಳಕಿನ ಅಂತರರಾಷ್ಟ್ರೀಯ ಆಯೋಗವಾದ ಸಿಐಇ ಒಪ್ಪಿಕೊಂಡ ಹೊಳಪಿನ ಸೂತ್ರ ಘನಮೂಲವನ್ನು ಆಧರಿಸಿದೆ, ಅದರ ಪ್ರಕಾರ ನೋಟಕ್ಕೆ ಅರ್ಧದಷ್ಟು ಹೊಳಪು ಕಾಣಲು ನಿಜವಾದ ಬೆಳಕು ಶೇಕಡಾ 18ರಷ್ಟಿದ್ದರೆ ಸಾಕು. ನೀವು ಹೇಳಿದ ಉಕ್ಕು, ಆಮೇಲಿನ ಸ್ತಬ್ಧತೆ, ಎರಡೂ ಇದರಿಂದಲೇ ಬಂದವು.

ಆದ್ದರಿಂದ ಮೆಟ್ಟಿಲುಗಳನ್ನು ಕರೆಂಟಿನ ಘನಮೂಲದ ಮೇಲೆ ಸಮನಾಗಿ ಹಂಚಬೇಕು. ನಿಮ್ಮದೇ ಸಂಖ್ಯೆಗಳನ್ನು ತೆಗೆದುಕೊಳ್ಳಿ. 1.4ರ ಘನಮೂಲ 1.12, 4200ರ ಘನಮೂಲ 16.13. ಇವುಗಳ ನಡುವಿನ ಅಂತರವನ್ನು 128 ಮೆಟ್ಟಿಲುಗಳ ನಡುವಿನ 127 ಏರಿಕೆಗಳಿಗೆ ಹಂಚಿದರೆ ಒಂದೊಂದಕ್ಕೆ 0.118 ಬರುತ್ತದೆ. ಪ್ರತಿ ಮೆಟ್ಟಿಲಿನ ಮೌಲ್ಯವನ್ನು ಮತ್ತೆ ಘನಕ್ಕೆ ಏರಿಸಿದರೆ ಅಲ್ಲಿ ಹರಿಯಬೇಕಾದ ಕರೆಂಟು ಸಿಗುತ್ತದೆ. 350 ಮಿಲಿಆಂಪಿಯರಿನ ಗಡಿ, ಎಂದರೆ 7135 ಮುಗಿದು ಫೆಟ್ ಆರಂಭವಾಗುವ ಜಾಗ, 51ನೆಯ ಮೆಟ್ಟಿಲಿನ ಹತ್ತಿರ ಬರುತ್ತದೆ. ನಿಮ್ಮ ಈಗಿನ ಸಮಾನ ಹಂಚಿಕೆಯಲ್ಲಿ ಅದೇ ಗಡಿ 11ನೆಯ ಮೆಟ್ಟಿಲಿಗೇ ಮುಗಿದುಹೋಗುತ್ತದೆ. ಸಂಕ ದಾಟುವ ಬೆಳಕು, ಕಾಲಿಗೆ ಉಂಬಳ ಹತ್ತಿದೆಯೇ ಎಂದು ನೋಡುವ ಬೆಳಕು, ಅಂಗಳದ ಬೆಳಕು ಎಲ್ಲವೂ ಆ 11ರೊಳಗೆ ತುರುಕಿಕೊಂಡು, ಉಳಿದ 117 ಮೆಟ್ಟಿಲುಗಳು ಗುಡ್ಡದ ಆಚೆ ಬದಿಗೆ ಬೆಳಕು ಚೆಲ್ಲುವುದಕ್ಕೆ ಮೀಸಲಾಗಿದ್ದವು.

ಈ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಫ್ಲ್ಯಾಶಿನಲ್ಲಿ, ಎಂದರೆ ಚಿಪ್ಪಿನಲ್ಲಿ ಫರ್ಮ್‌ವೇರ್ ಕೂರುವ ಮೆಮೊರಿಯಲ್ಲಿ, ಇಡಿ. 7135 ಮತ್ತು ಫೆಟ್ ಎಂಬ ಎರಡು ಚಾನೆಲ್ಲುಗಳಿಗೆ ಸೇರಿ 256 ಬೈಟುಗಳು. ಫ್ಲ್ಯಾಶ್ 8 ಕಿಲೋಬೈಟ್ ಇರುವುದರಿಂದ ಇದು ಭಾರವಲ್ಲ, ಆದರೆ ಫ್ಲ್ಯಾಶಿನಲ್ಲೇ ಉಳಿಯಲಿ ಎಂದು ಹೇಳುವ ಪ್ರೋಗ್‌ಮೆಮ್ ಗುರುತು ಹಾಕಲು ಮರೆತರೆ ಇಡೀ ಪಟ್ಟಿ 512 ಬೈಟಿನ ರ‍್ಯಾಮಿಗೆ ನಕಲಾಗಿ ಅರ್ಧ ಜಾಗವನ್ನು ಕಬಳಿಸುತ್ತದೆ.

ಶರಾವತಿ ಕಡವು, ಹೊನ್ನಾವರ

ನನ್ನ ಬಳಿ ಇರುವುದು ಎಟಿಟೈನಿ13ಎ, ಅದರಲ್ಲಿ ಫ್ಲ್ಯಾಶ್ ಒಂದೇ ಕಿಲೋಬೈಟ್. ಇಂತಹ ಪಟ್ಟಿ ಹಿಡಿಯುವಂತೆ ಕಾಣುವುದಿಲ್ಲ. ಚಿಪ್ಪಿನಲ್ಲಿಯೇ ಘನದ ಗುಣಾಕಾರ ಮಾಡಿಸಬಹುದೇ?

ಕಾಳಿದಂಡೆ, ಕಾರವಾರ

ಮಾಡಿಸಬಹುದು, ಆದರೆ ಈ ಎರಡೂ ಎಟಿಟೈನಿಗಳಲ್ಲಿ ಗುಣಾಕಾರದ ಯಂತ್ರಾಂಗವಿಲ್ಲದ ಕಾರಣ ಕಂಪೈಲರು ಅದಕ್ಕೆ ಸೇರಿಸುವ ಸಂಕೇತವೇ ಸಾಕಷ್ಟು ಬೈಟುಗಳನ್ನು ತಿನ್ನುತ್ತದೆ. ಒಂದೇ ಚಾನೆಲ್ ಇದ್ದರೆ 48 ಅಥವಾ 64 ಬೈಟುಗಳ ಚಿಕ್ಕ ಪಟ್ಟಿಯೇ ಅಗ್ಗ.

ಗಜನಿ ಕಾವಲು, ಕುಮಟಾ

ನಾನು ಫರ್ಮ್‌ವೇರ್ ಬರೆಯುವವನಲ್ಲ, ಕಾರವಾರದವರು ಕಟ್ಟಿಕೊಟ್ಟ ಇಂಥದ್ದೇ ಟಾರ್ಚನ್ನು ಎರಡು ವರ್ಷದಿಂದ ಬಳಸುತ್ತಿರುವವನು. ಅಘನಾಶಿನಿಯ ಬದಿಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಇಳಿತದ ಹೊತ್ತಿಗೆ ಜಂತ್ರಡಿಯ (ನೀರು ಬಿಡುವ ತೂಬಿನ) ಬಾಗಿಲಿಗೆ ಬಲೆ ಕಟ್ಟಿ ಮೀನು ಹಿಡಿಯುತ್ತೇವೆ. ಇಳಿತ ನಡುರಾತ್ರಿಗೂ ಬರುತ್ತದೆ, ಬೆಳಗಿನ ಜಾವಕ್ಕೂ ಬರುತ್ತದೆ. ಬಳಸುವವನ ಕಡೆಯಿಂದ ಮೂರು ಮಾತುಗಳನ್ನು ಹೇಳಬೇಕೆನಿಸಿದೆ.

7135ರಿಂದ ಫೆಟ್‌ಗೆ ದಾಟುವಾಗ ಬೆಳಕು ಒಮ್ಮೆ ಆರಿ ಹತ್ತುವಂತೆ ಮೊದಲು ಮಾಡಲಾಗಿತ್ತು, ಗಡಿ ಗೊತ್ತಾಗಲಿ ಎಂಬುದು ಉದ್ದೇಶ. ಜಂತ್ರಡಿಯ ಹಲಗೆಯ ಮೇಲೆ, ಕೆಳಗೆ ನೀರು ಸೆಳೆಯುತ್ತಿರುವಾಗ, ಬೆಳಕು ಕಣ್ಣು ಮಿಟುಕಿಸುವಷ್ಟು ಹೊತ್ತು ಆರಿದರೂ ಎದೆ ಧಸಕ್ಕೆನ್ನುತ್ತದೆ ಮತ್ತು ಕಾಲು ಇಟ್ಟ ಜಾಗದ ಅಂದಾಜು ತಪ್ಪುತ್ತದೆ. ದಯವಿಟ್ಟು ಅದನ್ನು ಇಡಬೇಡಿ.

ಎರಡನೆಯದು, ಕೈ ಒದ್ದೆಯಿದ್ದು ಬೆರಳಿಗೆ ಕೆಸರು ಮೆತ್ತಿರುವಾಗ ಬಿಟ್ಟು ಒತ್ತುವ ಲಯ ಸಾಧಿಸುವುದಿಲ್ಲ. ಒಮ್ಮೆ ಬಿಟ್ಟು ಮತ್ತೆ ಹಿಡಿದರೆ ದಿಕ್ಕು ತಿರುಗುತ್ತದೆ ಎಂಬ ನಿಯಮದಲ್ಲಿ, ತಗ್ಗಿಸಲು ಹೋಗಿ ಏರಿಸಿಬಿಡುವುದು ಪ್ರತಿ ರಾತ್ರಿ ಆಗುತ್ತಿತ್ತು. ನಮ್ಮ ಅಜ್ಜನ ಕಾಲದಲ್ಲಿ ಒಣ ಗರಿಗಳ ಪಂಜಾದ ಸೂಡಿ ಹಿಡಿದು ಹೋಗುತ್ತಿದ್ದರು, ಬೀಸಿದರೆ ಬೆಳಕು ಹೆಚ್ಚು, ಬೀಸದಿದ್ದರೆ ಕಡಿಮೆ. ಕಂದೀಲಿನ ಕಿವಿಯೂ ಹಾಗೆಯೇ, ಒಂದು ಕಡೆ ತಿರುವಿದರೆ ಏರುತ್ತದೆ, ಇನ್ನೊಂದು ಕಡೆಗೆ ಇಳಿಯುತ್ತದೆ. ಯಾವ ಕಡೆಗೆ ಹೋಗುತ್ತಿದ್ದೇವೆ ಎಂದು ನೆನಪಿಡುವ ಕೆಲಸವನ್ನು ಅವು ನಮ್ಮ ಮೇಲೆ ಹೊರಿಸುತ್ತಿರಲಿಲ್ಲ. ಈಗ ನನ್ನ ಟಾರ್ಚಿನಲ್ಲಿ ಒತ್ತಿ ಹಿಡಿದರೆ ಏರಿಕೆ, ಒಮ್ಮೆ ಒತ್ತಿ ಬಿಟ್ಟು ಎರಡನೆಯ ಒತ್ತಿನಲ್ಲಿ ಹಿಡಿದರೆ ಇಳಿಕೆ ಎಂದು ಮಾಡಿಕೊಟ್ಟಿದ್ದಾರೆ, ಯಾವಾಗಲೂ ಅದೇ ನಿಯಮ.

ಮೂರನೆಯದು, ಬೆಳಕನ್ನು ಮೇಜಿನ ಮುಂದೆ ಕುಳಿತು ಹೊಂದಿಸಬೇಡಿ. ಕಣ್ಣು ಕತ್ತಲೆಗೆ ಒಗ್ಗಲು ಅರ್ಧ ಗಂಟೆ ಹಿಡಿಯುತ್ತದೆ. ಮನೆಯೊಳಗೆ ಇನ್ನಷ್ಟು ಬೇಕೆನಿಸಿದ ಬೆಳಕು ಗಜನಿಯ ಏರಿಯ ಮೇಲೆ ಅರ್ಧ ಗಂಟೆ ಕಳೆದ ಮೇಲೆ ಅತಿಯಾಗಿರುತ್ತದೆ.

ತೋಟದ ಹಾದಿ, ಶಿರಸಿ

ಕುಮಟಾದವರ ಮಾತಿನಿಂದ ನನ್ನ ಕೆಲಸದ ದಾರಿಯೇ ಬದಲಾಯಿತು. ಘನಮೂಲದ ಪಟ್ಟಿಯನ್ನು ಮೊದಲು ಮೇಜಿನ ಮೇಲೆ ನೋಡಿ ಚೆನ್ನಾಗಿದೆ ಎಂದುಕೊಂಡಿದ್ದೆ. ಅದೇ ರಾತ್ರಿ ಕರೆಂಟು ಹೋಗಿತ್ತು, ಜಗುಲಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕತ್ತಲೆಯಲ್ಲಿ ಕುಳಿತು, ಆಮೇಲೆ ತೋಟಕ್ಕೆ ಇಳಿದೆ. ಮೊದಲ ಹತ್ತು ಮೆಟ್ಟಿಲುಗಳು ಒರಟಾಗಿ ಕಂಡವು. ಬೆಳಕು ಸ್ವಲ್ಪ ಹೊತ್ತು ನಿಂತು, ನೆಗೆದು, ಮತ್ತೆ ನಿಲ್ಲುತ್ತಿತ್ತು. ಪಟ್ಟಿಯನ್ನು ತೆರೆದು ನೋಡಿದಾಗ ಕಾರಣ ಕಂಡಿತು. ಘನಕ್ಕೆ ಏರಿಸಿ ಪೂರ್ಣಾಂಕಕ್ಕೆ ಇಳಿಸಿದ್ದರಿಂದ ಸಂಖ್ಯೆಗಳು 1, 1, 2, 2, 3 ಎಂದು ಬಂದಿದ್ದವು. 1 ಎಂಬುದು 2 ಆಗುವುದೆಂದರೆ ಬೆಳಕು ಇಮ್ಮಡಿಯಾಗುವುದು, ಎಂಟು ಬಿಟ್ಟಿನ ಟೈಮರಿನಲ್ಲಿ ಇವೆರಡರ ನಡುವೆ ಯಾವ ಸಂಖ್ಯೆಯೂ ಇಲ್ಲ.

ಇದಕ್ಕೆ ಪರಿಹಾರ ನಾನು ನಿರೀಕ್ಷಿಸದ ಕಡೆಯಿಂದ ಬಂತು. ಗಡಿಯಾರವನ್ನು 2 ಮೆಗಾಹರ್ಟ್ಸಿಗೆ ಇಳಿಸಿದ ಮೇಲೂ ನನ್ನ 7135 ಎಚ್ಚರಗೊಳ್ಳುವುದು 3ನೆಯ ಸಂಖ್ಯೆಯಲ್ಲಿ, ಮೊದಲ ಎರಡು ಸತ್ತ ಸಂಖ್ಯೆಗಳು. ಹೀಗಾಗಿ 3 ಎಂದು ಕೊಟ್ಟಾಗ ಲೆಕ್ಕದ 4 ಮಿಲಿಆಂಪಿಯರಿನ ಬದಲು ಮೀಟರಿನಲ್ಲಿ ಒಂದಕ್ಕಿಂತ ಕಡಿಮೆ ಕಾಣುತ್ತದೆ, ಪ್ರತಿ ನಾಡಿಯ ಮೊದಲ ಭಾಗ ವ್ಯರ್ಥವಾಗುತ್ತದೆ. ಸತ್ತ ಸಂಖ್ಯೆಗಳು ಎರಡು ಇರುವುದರಿಂದ 2ನ್ನು ಪಟ್ಟಿಯ ಪ್ರತಿ ಮೌಲ್ಯಕ್ಕೂ ಕೂಡಿಸಿ, ಯಾವ ಮೆಟ್ಟಿಲೂ ಹಿಂದಿನದಕ್ಕೆ ಸಮನಾಗದಂತೆ ಕನಿಷ್ಠ ಒಂದನ್ನಾದರೂ ಏರಿಸುತ್ತಾ ಹೋದೆ. ಈಗ ಆರಂಭದ ಸಂಖ್ಯೆಗಳು 3, 4, 5, 6 ಎಂದು ಸಾಗುತ್ತವೆ. ಎರಡನೆಯ ಬೋರ್ಡನ್ನೂ ಕಟ್ಟಿ ನೋಡಿದೆ, ಅದರ 7135 ಎಚ್ಚರಗೊಳ್ಳುವುದು 5ರಲ್ಲಿ. ಒಂದೊಂದು ಚಿಪ್ಪಿಗೂ ಈ ಸಂಖ್ಯೆ ಬೇರೆ ಎಂದು ಇದರಿಂದ ತಿಳಿಯಿತು.

ಇನ್ನೊಂದು ವಿಷಯವೂ ಆಕಸ್ಮಿಕವಾಗಿ ಸಿಕ್ಕಿತು. ಮೆಟ್ಟಿಲಿಂದ ಮೆಟ್ಟಿಲಿಗೆ 16 ಮಿಲಿಸೆಕೆಂಡು ಕಾಯಲು ನಾನು ಸಂಕೇತದಲ್ಲಿ ವಿಳಂಬದ ಸುತ್ತು ಬಳಸಿದ್ದೆ. ಗಡಿಯಾರ ನಾಲ್ಕು ಪಟ್ಟು ನಿಧಾನವಾದಾಗ ಆ ಸುತ್ತೂ ನಿಧಾನವಾಗಿ, ಕೆಳಗಿನ 50 ಮೆಟ್ಟಿಲುಗಳು 64 ಮಿಲಿಸೆಕೆಂಡಿಗೊಂದರಂತೆ ಏರತೊಡಗಿದವು. ಇದು ದೋಷವೆಂದು ಸರಿಪಡಿಸಲು ಹೊರಟವನು, ತೋಟದಲ್ಲಿ ಬಳಸಿ ನೋಡಿದ ಮೇಲೆ ಕೈ ತಡೆದೆ. ಮಂದ ಬೆಳಕಿನಲ್ಲಿ ನಿಧಾನ ಏರಿಕೆ ಹಿತವಾಗಿತ್ತು, ಬೇಕಾದಲ್ಲಿ ಬೆರಳು ಎತ್ತಲು ವ್ಯವಧಾನವಿತ್ತು. ಮೂರು ಸೆಕೆಂಡಿಗೂ ಹೆಚ್ಚು ಕಾಲ ಅಲ್ಲೇ ತೆವಳುವುದು ಮಾತ್ರ ಅತಿಯಾಯಿತು.

ಕಾಳಿದಂಡೆ, ಕಾರವಾರ

ನಿಧಾನವನ್ನು ಉಳಿಸಿಕೊಳ್ಳಿ, ಆದರೆ ಅದನ್ನು ವಿಳಂಬದ ಸುತ್ತಿಗೆ ಬಿಡಬೇಡಿ. ಚಿಪ್ಪಿನಲ್ಲಿರುವ ವಾಚ್‌ಡಾಗ್ ಎಂಬ ಇನ್ನೊಂದು ಟೈಮರಿಗೆ 128 ಕಿಲೋಹರ್ಟ್ಸಿನ ತನ್ನದೇ ಆಸಿಲೇಟರ್ (ಗಡಿಯಾರ) ಇರುವುದರಿಂದ, ಮುಖ್ಯ ಗಡಿಯಾರವನ್ನು ಎಷ್ಟೇ ಇಳಿಸಿದರೂ ಅದರ 16 ಮಿಲಿಸೆಕೆಂಡಿನ ಬಡಿತ ಹಾಗೆಯೇ ಇರುತ್ತದೆ. 51ನೆಯ ಮೆಟ್ಟಿಲಿನ ಕೆಳಗೆ ಎರಡು ಬಡಿತಕ್ಕೊಂದು, ಮೇಲೆ ಬಡಿತಕ್ಕೊಂದು ಮೆಟ್ಟಿಲು ಏರಿಸಿದರೆ, ಕೆಳಗಿನ ಭಾಗಕ್ಕೆ 1.6 ಸೆಕೆಂಡು, ಮೇಲಿನದಕ್ಕೆ 1.25 ಸೆಕೆಂಡು ಹಿಡಿಯುತ್ತದೆ.

ಕೊನೆಯ ಮೆಟ್ಟಿಲನ್ನು ನೆನಪಿಡಿಸುವುದಾದರೆ ಈಪ್ರಾಮಿಗೆ (ವಿದ್ಯುತ್ ಹೋದರೂ ಮರೆಯದ ಮೆಮೊರಿಗೆ) ಬೆರಳು ಎತ್ತಿದ ಮೇಲಷ್ಟೇ ಬರೆಯಿರಿ. ಅದರ ಒಂದೊಂದು ಕೋಶ 1,00,000 ಬರವಣಿಗೆ ತಾಳುತ್ತದೆ. ರಾತ್ರಿಗೆ 40 ಸಲ ಏರಿಸಿ ಇಳಿಸಿದರೂ ಸುಮಾರು ಏಳು ವರ್ಷ ಬರುತ್ತದೆ. ಪ್ರತಿ ಮೆಟ್ಟಿಲಿಗೂ ಬರೆದರೆ ಅದೇ ಕೋಶ 20 ದಿನಗಳಲ್ಲಿ ಸವೆಯುತ್ತದೆ. ಪ್ರತಿ ಸಲ ಬೇರೆ ಕೋಶಕ್ಕೆ, ಎಂದರೆ ವಿಳಾಸವನ್ನು ಸುತ್ತಿಸುತ್ತಾ ಬರೆದರೆ ಈ ಚಿಂತೆ ಪೂರ್ತಿ ಹೋಗುತ್ತದೆ.

ಫೆಟ್‌ನ ಭಾಗದಲ್ಲಿ ಹೆಚ್ಚು ನಯಕ್ಕಾಗಿ ಶ್ರಮಪಡುವ ಅಗತ್ಯವಿಲ್ಲವೆಂದು ನನ್ನ ಅನುಭವ. ಅಲ್ಲಿ ಕರೆಂಟು ಸೆಲ್ಲಿನ ವೋಲ್ಟೇಜಿನೊಂದಿಗೆ ಇಳಿಯುತ್ತಲೇ ಇರುತ್ತದೆ. ನಮ್ಮ ಕಡಲ ಗಾಳಿಯಲ್ಲಿ ಸ್ಪ್ರಿಂಗಿಗೆ ತುಕ್ಕಿನ ಪೊರೆ ಬಂದರೂ ಸಾಕು, ತುದಿಯ ಬೆಳಕು ಕುಸಿಯುತ್ತದೆ. 7135ರ ಭಾಗ ಮಾತ್ರ ಸೆಲ್ಲಿನ ವೋಲ್ಟೇಜು ಎಲ್‌ಇಡಿಗೆ ಬೇಕಾದುದಕ್ಕಿಂತ 0.12 ವೋಲ್ಟು ಹೆಚ್ಚಿರುವವರೆಗೂ ಕದಲುವುದಿಲ್ಲ.

ತೋಟದ ಹಾದಿ, ಶಿರಸಿ

ಮೇಲೆ ಹೇಳಿದ ಎಲ್ಲವನ್ನೂ ಸೇರಿಸಿ ಮೂರನೆಯ ಆವೃತ್ತಿಯನ್ನು ಬರೆದು, ನಿನ್ನೆ ರಾತ್ರಿ ಮಳೆಯಲ್ಲಿಯೇ ಅಬ್ಬಿಯವರೆಗೆ ಹೋಗಿ ಬಂದೆ. ಸಂಕದ ಈಚೆ ನಿಂತು ಗುಂಡಿ ಒತ್ತಿ ಹಿಡಿದಾಗ ಮೊದಲು ನನ್ನ ಚಪ್ಪಲಿಯ ಬಾರು ಕಂಡಿತು, ಆಮೇಲೆ ಮರದ ಮೇಲಿನ ಪಾಚಿ, ಆಮೇಲೆ ಅದರ ಕೆಳಗೆ ಹರಿಯುವ ನೀರು. ನೀರು ಕಾಣುವ ಮೊದಲೇ ಬೆರಳನ್ನು ಎತ್ತಲು ಸಾಧ್ಯವಾಯಿತು. ಅದು 14ನೆಯ ಮೆಟ್ಟಿಲು ಎಂದು ಮನೆಗೆ ಬಂದು ಈಪ್ರಾಮನ್ನು ಓದಿದಾಗ ತಿಳಿಯಿತು.

7135ರಿಂದ ಫೆಟ್‌ಗೆ ದಾಟುವ ಗಡಿಯಲ್ಲಿ ಯಾವ ಮಿಣುಕೂ ಇಲ್ಲ. ಮೇಲಿನ ತುದಿ ತಲುಪಿದಾಗ ಮಾತ್ರ ಬೆಳಕು ಎಂಟು ಮೆಟ್ಟಿಲು ತಗ್ಗಿ ಮತ್ತೆ ಏರುತ್ತದೆ, ಆರುವುದಿಲ್ಲ. ಅಪ್ಪನಿಗೆ ಕೊಟ್ಟಿರುವ ಎರಡನೆಯ ಟಾರ್ಚಿನಲ್ಲಿ ಏರಿಕೆಯ ತುದಿಯನ್ನು 51ಕ್ಕೇ ನಿಲ್ಲಿಸಿ, ಫೆಟ್ ಎಂದೂ ತೆರೆಯದಂತೆ ಮಾಡಿದ್ದೇನೆ. ಕೊಟ್ಟಿಗೆಗೆ ಹೋಗಿ ಬರಲು ಅಷ್ಟು ಬೆಳಕು ಧಾರಾಳವಾಯಿತು, ಟಾರ್ಚು ಬಿಸಿಯಾಗುವುದೂ ತಪ್ಪಿತು ಎಂದು ಅವರು ಹೇಳಿದರು.

ಸಂಕೇತವನ್ನು ಬಳಸಬಯಸುವವರು ಒಂದು ಸಂಖ್ಯೆಯನ್ನು ಮಾತ್ರ ತಮ್ಮ ಬೋರ್ಡಿಗೆ ತಕ್ಕಂತೆ ಬದಲಿಸಬೇಕು. ಕತ್ತಲೆಯ ಕೋಣೆಯಲ್ಲಿ 1ರಿಂದ ಆರಂಭಿಸಿ ಒಂದೊಂದೇ ಏರಿಸುತ್ತಾ, ಎಲ್‌ಇಡಿ ಮೊದಲು ಮಿನುಗಿದ ಸಂಖ್ಯೆಯಿಂದ ಒಂದನ್ನು ಕಳೆದು ಕಡತದ ಮೊದಲ ಸಾಲಿನಲ್ಲಿ ಬರೆಯಿರಿ. ನನ್ನ ಮೊದಲ ಬೋರ್ಡಿಗೆ ಅದು 2, ಅಪ್ಪನ ಟಾರ್ಚಿನ ಬೋರ್ಡಿಗೆ 4.